ಮೇಳದ ಕಾರು, ಅಣಶಿ ಘಟ್ಟದ ದಾರಿ



ನವರಾತ್ರಿ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕಾರು ಮಾರುವವರಿಗೆ ನಮ್ಮ ನಾಲ್ಕು ತಾಲ್ಲೂಕುಗಳ ನೆನಪಾಗುತ್ತದೆ. ಹಳಿಯಾಳದ ಪೇಟೆಯಲ್ಲೋ, ದಾಂಡೇಲಿಯ ಮೈದಾನದಲ್ಲೋ, ಮುಂಡಗೋಡದ ಬಸ್ ಸ್ಟ್ಯಾಂಡಿನ ಆಚೀಚೆಗೋ ಒಂದು ಶಾಮಿಯಾನ ಏಳುತ್ತದೆ. ಕೆಳಗೆ ಕೆಂಪು ಜಮಖಾನೆ, ಮೇಲೆ ಬಲೂನು, ಮೂಲೆಯಲ್ಲಿ ಬ್ಯಾಂಕಿನವರ ಮೇಜು, ನಡುವೆ ಮಿರಿಮಿರಿ ಹೊಳೆಯುವ ಏಳೆಂಟು ಕಾರು. ಜೋಯಿಡಾಕ್ಕೆ ಮಾತ್ರ ಮೇಳ ಬರುವುದು ಅಪರೂಪ. ಅಲ್ಲಿಯವರು ದಾಂಡೇಲಿಗೆ ಬರಬೇಕು, ಇಲ್ಲವೇ ಹುಬ್ಬಳ್ಳಿಯ ದೊಡ್ಡ ಮೇಳಕ್ಕೇ ಹೋಗಬೇಕು. ನಾನೂ ಇಂಥ ಮೇಳಗಳಿಗೆ ಹೋಗುವವನು. ಕೊಳ್ಳುವವರ ಜೊತೆ ಹೋಗುವುದರಲ್ಲಿ ಒಂದು ಸುಖವಿದೆ: ದುಡ್ಡು ನಮ್ಮದಲ್ಲ, ಅಭಿಪ್ರಾಯ ಮಾತ್ರ ನಮ್ಮದು.

ಈಚೆಗೆ ಹೋದದ್ದು ತಮ್ಮನ ಮಗನ ಜೊತೆ. ಅವನಿಗೆ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಕೆಲಸ. ಜೊತೆಗೆ ಜೋಯಿಡಾ ತಾಲ್ಲೂಕಿನ ಗುಂದದ ಕಡೆಯ ಹಿರಿಯರೊಬ್ಬರು, ಅಡಿಕೆ ತೋಟದವರು. ನಮ್ಮ ಹುಡುಗ ಸೀದಾ ಹೋಗಿ ಸನ್‌ರೂಫ್ ಇದ್ದ ಕಾರಿನ ಮುಂದೆ ನಿಂತ. ಹಿರಿಯರು ಹಿಂದಕ್ಕೆ ಹೋಗಿ ಡಿಕ್ಕಿ ತೆಗೆಸಿದರು. ಮಾರಾಟದ ಹುಡುಗ ಹುಬ್ಬಳ್ಳಿಯವನು, ಬಾಯಿಪಾಠ ಚೆನ್ನಾಗಿತ್ತು: “382 ಲೀಟರ್ ಬೂಟ್ ಸ್ಪೇಸ್ ಐತ್ರಿ ಸರ್.” ಹಿರಿಯರು ಅವನನ್ನು ಒಮ್ಮೆ ನೋಡಿದರು. “ಲೀಟರಿನ ಲೆಕ್ಕ ಹಾಲಿಗಾತು ತಮಾ, ಅಡಿಕೆ ಚೀಲದ ಲೆಕ್ಕ ಹೇಳು” ಅಂದರು. ಹುಡುಗ ಪೇಚಿಗೆ ಬಿದ್ದ. ಕೊನೆಗೆ ಹಿರಿಯರೇ ಗೇಣು ಹಾಕಿ ಬಾಯಿಯ ಅಗಲ ಅಳೆದು, ಚೀಲ ಒಳಗೆ ಹೋಗಬಹುದು, ಆದರೆ ಎತ್ತಿ ದಾಟಿಸಲು ಹೊಸ್ತಿಲು ಎತ್ತರವಾಯಿತು ಎಂದು ತೀರ್ಪು ಕೊಟ್ಟರು. ಇಡೀ ಮೇಳದಲ್ಲಿ ಅಂದು ನಾನು ಕಂಡ ಅತ್ಯಂತ ತೂಕದ ಪರೀಕ್ಷೆ ಅದು. ಲೀಟರಿನ ಅಂಕಿ ಸುಳ್ಳಲ್ಲ. ಆದರೆ ಡಿಕ್ಕಿಯ ಬಾಯಿ ಎಷ್ಟು ಅಗಲ, ತುಟಿ ಎಷ್ಟು ಎತ್ತರ ಎನ್ನುವುದನ್ನು ಆ ಅಂಕಿ ಹೇಳುವುದಿಲ್ಲ.

ನಾನು ಇವತ್ತು ಹೇಳಹೊರಟಿರುವುದೂ ಇಷ್ಟೇ. ಮೇಳದ ಕಾರು ನಿಂತಿರುವುದು ಜಮಖಾನೆಯ ಮೇಲೆ; ನಾಳೆ ಅದು ನಿಲ್ಲಬೇಕಾದದ್ದು ನಮ್ಮ ಅಂಗಳದಲ್ಲಿ, ಓಡಬೇಕಾದದ್ದು ಅಣಶಿ ಘಟ್ಟದಲ್ಲಿ, ಹಳಿಯಾಳದ ಕಬ್ಬಿನ ಗದ್ದೆಯ ಬದಿಯಲ್ಲಿ, ತಡಸ ದಾಟಿ ಮುಂಡಗೋಡಕ್ಕೆ ಬರುವ ದಾರಿಯಲ್ಲಿ. ಆ ದಾರಿಯನ್ನು ತಲೆಯಲ್ಲಿ ಇಟ್ಟುಕೊಂಡೇ ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಬೇಕು.

ಈಗ ಮೇಳಗಳಲ್ಲಿ ಜನ ಹೆಚ್ಚಲು ಒಂದು ಕಾರಣ ಉಂಟು. 2025ರ ಸೆಪ್ಟೆಂಬರ್ 22ರಂದು, ಆ ವರ್ಷದ ನವರಾತ್ರಿಯ ಮೊದಲ ದಿನವೇ, ಕಾರಿನ ಮೇಲಿನ ಜಿಎಸ್‌ಟಿ ಬದಲಾಯಿತು. ಅಲ್ಲಿಯವರೆಗೆ ಸಣ್ಣ ಕಾರಿಗೂ ನೂರಕ್ಕೆ 28, ಅದರ ಮೇಲೆ ಸೆಸ್ ಇತ್ತು. ಈಗ 18. ಸಣ್ಣ ಕಾರು ಎಂದರೆ ಯಾವುದು? ಪೆಟ್ರೋಲ್ ಆದರೆ ಎಂಜಿನ್ 1200 ಸಿಸಿ ಮೀರಬಾರದು, ಡೀಸೆಲ್ ಆದರೆ 1500, ಎರಡರಲ್ಲೂ ಉದ್ದ 4 ಮೀಟರ್ ದಾಟಬಾರದು. ದಾಟಿದರೆ 40. ಮೇಳದಲ್ಲಿ ಒಮ್ಮೆ ಮಾಹಿತಿ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ನೆಕ್ಸಾನ್ 3995 ಮಿಲಿಮೀಟರ್, ಬ್ರೆಝಾ 3995, ಡಿಸೈರ್ 3995. ಬೇರೆ ಬೇರೆ ಊರಿನ ಬೇರೆ ಬೇರೆ ಎಂಜಿನಿಯರುಗಳು ಒಂದೇ ಅಳತೆಗೆ ಬಂದು ನಿಂತದ್ದು ಹೇಗೆ ಎಂದು ಬೆರಗಾಗಬೇಡಿ. ಅಳತೆ ಹಾಕಿದವರು ತೆರಿಗೆಯವರು. ಸಣ್ಣ ಕಾರಿಗೆ ಕಡಿಮೆ ತೆರಿಗೆ ಎಂಬ ಲೆಕ್ಕ 2006ರ ಕೇಂದ್ರ ಬಜೆಟ್ಟಿನಿಂದ ಶುರುವಾದದ್ದು. ಡಿಸೈರಿನಂಥ ಕಾರಿನ ಹಿಂಭಾಗ ಸ್ವಲ್ಪ ಮೊಟಕಾಗಿ ಕಾಣುವುದರ ಗುಟ್ಟೂ ಅಲ್ಲೇ ಇದೆ.

ಮೇಳದ ಚಪ್ಪಾಳೆಯನ್ನು ಎಷ್ಟು ನಂಬಬಹುದು ಎನ್ನುವುದಕ್ಕೆ ಒಂದು ಹಳೆಯ ಕಥೆ. ದಿಲ್ಲಿಯ ಆಟೋ ಎಕ್ಸ್‌ಪೋ 1986ರಲ್ಲಿ ಆರಂಭವಾದದ್ದು. ಅದೇ ಮೇಳದಲ್ಲಿ 2008ರ ಜನವರಿ 10ರಂದು ರತನ್ ಟಾಟಾ ಅವರು ನ್ಯಾನೋ ಕಾರನ್ನು ಲೋಕಕ್ಕೆ ತೋರಿಸಿದರು. ಒಂದು ಲಕ್ಷದ ಕಾರು ಎಂದು ಜಗತ್ತೇ ತಿರುಗಿ ನೋಡಿತು. ಹತ್ತು ವರ್ಷದಲ್ಲಿ ಅದರ ತಯಾರಿಕೆ ನಿಂತಿತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದಲ್ಲಿ ಹೆಚ್ಚು ಓಡುವ ಐದು ಸಣ್ಣ ಕಾರುಗಳ ಮೂಲ ಮಾದರಿಗಳನ್ನು ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ನ್ಯಾನೋ ಅದರಲ್ಲಿ ಒಂದು, ಆಲ್ಟೊ ಇನ್ನೊಂದು. ಆ ಸೊನ್ನೆಯಿಂದ ಒಳ್ಳೆಯದೇ ಆಯಿತೆನ್ನಬೇಕು. 2018ರ ಡಿಸೆಂಬರಿನಲ್ಲಿ ನೆಕ್ಸಾನಿಗೆ ಐದು ನಕ್ಷತ್ರ ಬಂತು. ಭಾರತದಲ್ಲಿ ತಯಾರಾಗಿ ಮಾರಾಟವಾಗುವ ಕಾರಿಗೆ ಐದು ಬಂದದ್ದು ಅದೇ ಮೊದಲು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರಿನ ಮುಂಭಾಗದ ಒಂದು ಪಾಲನ್ನು ತಡೆಗೆ ಗುದ್ದಿಸುತ್ತಾರೆ, ಪಕ್ಕಕ್ಕೆ 50ರ ವೇಗದಲ್ಲಿ ಗುದ್ದುತ್ತಾರೆ. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ. ಪರೀಕ್ಷೆಗೆ ಕಾರು ಕೊಡಲೇಬೇಕೆಂಬ ಕಡ್ಡಾಯ ಇಲ್ಲ. ಆದ್ದರಿಂದ ಮೇಳದಲ್ಲಿ ಕೇಳಬೇಕಾದ ಮಾತು: “ಇದಕ್ಕೆ ಎಷ್ಟು ನಕ್ಷತ್ರ ಬಂದಾವು? ಮಕ್ಕಳ ಅಂಕ ಎಷ್ಟು? ನಾನು ತಗೊಳ್ಳೋ ಮಾಡೆಲ್ಲಿಗೇ ಬಂದದ್ದೋ, ಮೇಲಿನ ಮಾಡೆಲ್ಲಿಗೋ?”

ನಮ್ಮ ಜನ ಇದನ್ನು ಕೇಳುವುದಿಲ್ಲ. ಬದಲಿಗೆ ಬೆರಳಿನ ಗೆಣ್ಣಿನಿಂದ ಬಾನೆಟ್ ಬಡಿಯುತ್ತಾರೆ. ‘ಟಣ್’ ಎಂದರೆ ತೆಳು ತಗಡು, ‘ದಬ್’ ಎಂದರೆ ಗಟ್ಟಿ ಗಾಡಿ. ಹಳೆಯ ಜೀಪು, ಅಂಬಾಸಿಡರ್ ಕಾಲದ ಅಭ್ಯಾಸ ಇದು. ಈಗಿನ ಕಾರಿನಲ್ಲಿ ಹೊರತಗಡು ಬರೀ ಅಂಗಿ. ಪೆಟ್ಟು ತಡೆಯುವುದು ಒಳಗಿನ ಉಕ್ಕಿನ ಚೌಕಟ್ಟು. ಮುಂಭಾಗ ಬೇಕೆಂದೇ ನುಜ್ಜುಗುಜ್ಜಾಗುವಂತೆ ಕಟ್ಟಿರುತ್ತಾರೆ, ಪೆಟ್ಟಿನ ಬಲವೆಲ್ಲ ಅಲ್ಲೇ ಮುಗಿಯಲಿ, ಕೂತವರಿಗೆ ತಾಗದಿರಲಿ ಎಂದು. ಬಾನೆಟ್ ಬಡಿದು ಗೊತ್ತಾಗುವುದು ಬಡಿದವನ ಬೆರಳಿನ ಗಟ್ಟಿತನ ಮಾತ್ರ.

ಇನ್ನು ಜೋಯಿಡಾ. ನಾಲ್ಕು ತಾಲ್ಲೂಕುಗಳಲ್ಲಿ ಕಾರಿಗೆ ನಿಜವಾದ ಪರೀಕ್ಷೆ ಅಲ್ಲೇ ಇರುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹಿಂದೆ ಇದು ಸೂಪಾ ತಾಲ್ಲೂಕು. ಕಾಳಿ ನದಿಗೆ ಅಣೆಕಟ್ಟು ಕಟ್ಟಿ ಸೂಪಾ ಊರೇ ಮುಳುಗಿದ ಮೇಲೆ ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು. ವಿಸ್ತಾರ ದೊಡ್ಡದು, ಜನ ಕಡಿಮೆ. 2011ರ ಜನಗಣತಿಯಲ್ಲಿ ಐವತ್ತು ಸಾವಿರದ ಆಸುಪಾಸು. ಕ್ಯಾಸಲ್‌ರಾಕ್ ಕಡೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುವ ಮಳೆ. ಹೆಚ್ಚಿನ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಒಂದು ಮನೆಯಿಂದ ಡಾಂಬರು ರಸ್ತೆಗೆ ಬರುವುದೇ ಒಂದು ಪ್ರಯಾಣ: ಕೆಂಪು ಮಣ್ಣಿನ ದಾರಿ, ನಡುವೆ ಹುಲ್ಲು ಬೆಳೆದ ದಿಬ್ಬ, ಮಳೆಗಾಲದಲ್ಲಿ ಹಳ್ಳ.

ಅಲ್ಲಿಗೆ ಮೊದಲು ನೋಡಬೇಕಾದದ್ದು ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ, ಗ್ರೌಂಡ್ ಕ್ಲಿಯರೆನ್ಸ್. ಸ್ವಿಫ್ಟಿಗೆ 163 ಮಿಲಿಮೀಟರ್, ಪಂಚ್ ಮೊದಲು ಬಂದಾಗ 187, ಮ್ಯಾಗ್ನೈಟಿಗೆ 205, ನೆಕ್ಸಾನಿಗೆ 208, ಥಾರಿಗೆ 226. ಅಂಕಿಗಳನ್ನು ಹೋಲಿಸುವುದು ಸುಲಭ. ಆದರೆ ಎರಡು ಸಂಗತಿ ಮಾಹಿತಿ ಪತ್ರದಲ್ಲಿ ಇರುವುದಿಲ್ಲ. ಈ ಅಂಕಿ ಸಾಮಾನ್ಯವಾಗಿ ಖಾಲಿ ಗಾಡಿಯದು. ಐದು ಜನ ಕೂತು ಹಿಂದೆ ಸಾಮಾನು ಹೇರಿದರೆ ಹೊಟ್ಟೆ ಕೆಳಗಿಳಿಯುತ್ತದೆ. ಎರಡನೆಯದು, ಮುಂದಿನ ಹಿಂದಿನ ಗಾಲಿಗಳ ನಡುವಿನ ದೂರ. ಒಂದೇ ಎತ್ತರದ ಎರಡು ಕಾರಿನಲ್ಲಿ ಉದ್ದನೆಯದು ದಿಬ್ಬದ ನೆತ್ತಿಗೆ ಉಜ್ಜುತ್ತದೆ, ಗಿಡ್ಡನೆಯದು ಸಲೀಸಾಗಿ ದಾಟುತ್ತದೆ. ಮೇಳದಲ್ಲಿ ನಾಚಿಕೆ ಬಿಟ್ಟು ಮಂಡಿಯೂರಿ ಕಾರಿನ ಅಡಿಗೆ ಇಣುಕಬೇಕು. ಹೊಗೆ ಕೊಳವೆ ಎಲ್ಲಿ ಜೋತಿದೆ, ಎಂಜಿನ್ ಅಡಿಗೆ ರಕ್ಷಣೆಯ ತಗಡು ಉಂಟೋ, ಪ್ಲಾಸ್ಟಿಕ್ಕೋ, ಏನೂ ಇಲ್ಲವೋ. ಸೂಟು ಹಾಕಿದ ಹುಡುಗ “ಏನ್ ನೋಡ್ತೀರಿ ಕಾಕಾ?” ಅಂತಾನೆ. ಅನ್ನಲಿ.

ಆಮೇಲೆ ಸ್ಟೆಪ್ನಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. 2020ರಲ್ಲಿ ಮೋಟಾರು ವಾಹನ ನಿಯಮ ತಿದ್ದುಪಡಿಯಾಗಿ, ಗಾಳಿಯ ಒತ್ತಡ ತೋರಿಸುವ ಸಾಧನವೂ ಪಂಕ್ಚರ್ ಕಿಟ್ಟೂ ಇದ್ದರೆ ಕಾರಿನ ಜೊತೆ ಸ್ಟೆಪ್ನಿ ಕೊಡಬೇಕಾಗಿಲ್ಲ ಎಂದಾಯಿತು. ಕೆಲವು ಹೊಸ ಗಾಡಿಗಳಲ್ಲಿ ಐದನೇ ಗಾಲಿಯೇ ಇಲ್ಲ. ಇನ್ನು ಕೆಲವದರಲ್ಲಿ ಇದೆ, ಆದರೆ ಉಳಿದ ನಾಲ್ಕಕ್ಕಿಂತ ಸಪೂರ. ಬೆಂಗಳೂರಿನಲ್ಲಿ ಇದು ನಡೆದೀತು, ಅಲ್ಲಿ ಫೋನ್ ಮಾಡಿದರೆ ಜನ ಬರುತ್ತಾರೆ. ಅಣಶಿಯಿಂದ ಕದ್ರಾಕ್ಕೆ ಇಳಿಯುವ ಕಾಡಿನಲ್ಲಿ ಚೂಪು ಕಲ್ಲು ಟೈರಿನ ಪಕ್ಕೆ ಸೀಳಿದರೆ ಕಿಟ್ಟಿನ ಅಂಟು ಏನೂ ಮಾಡದು, ಫೋನಿಗೆ ನೆಟ್‌ವರ್ಕ್ ಸಿಕ್ಕರೆ ಪುಣ್ಯ. ಡಿಕ್ಕಿಯ ಚಾಪೆ ಎತ್ತಿಸಿ ಐದನೇ ಗಾಲಿಯನ್ನು ಕಣ್ಣಾರೆ ನೋಡಿ. ಇಲ್ಲದಿದ್ದರೆ ಆ ಕಾರು ಜೋಯಿಡಾದವರಿಗಲ್ಲ.

ಹಗಲಿನ ಮೇಳದಲ್ಲಿ ಯಾರೂ ನೋಡದ ಇನ್ನೊಂದು ವಸ್ತು ಹೆಡ್‌ಲೈಟ್. ದಾಂಡೇಲಿಯಿಂದ ಗಣೇಶಗುಡಿಗೆ ಸಂಜೆ ಹೋದವರಿಗೆ ಗೊತ್ತು, ತಿರುವಿನಾಚೆ ಕಾಡುಕೋಣ ರಸ್ತೆಯ ನಡುವೆ ನಿಂತಿರುತ್ತದೆ. ಮೈ ಕಪ್ಪು, ಡಾಂಬರಿನ ಬಣ್ಣದಲ್ಲಿ ಬೆರೆತುಹೋಗುತ್ತದೆ. ಅದರ ಬಿಳಿ ಕಾಲುಚೀಲ ಮೊದಲು ಕಾಣಬೇಕಾದರೆ ದೀಪ ತಗ್ಗಿನಲ್ಲಿ ಅಗಲವಾಗಿ ಹರಡಬೇಕು. ಕೆಲವು ಎಲ್‌ಇಡಿ ದೀಪ ನೋಡಲು ಚಂದ, ಆದರೆ ಮಳೆ-ಮಂಜಿನಲ್ಲಿ ಬಿಳಿ ಗೋಡೆ ಕಟ್ಟಿದ ಹಾಗೆ ಬೆಳಕು ಕಣ್ಣಿಗೇ ವಾಪಸಾಗುತ್ತದೆ. ಟೆಸ್ಟ್ ಡ್ರೈವ್ ಸಂಜೆ ಏಳರ ನಂತರ ಕೊಡಿ ಎಂದು ಕೇಳಿ. ಕೊಡಲು ಮನಸ್ಸಿದ್ದವರು ಕೊಡುತ್ತಾರೆ.

ಕಾಡಂಚಿನ ಊರುಗಳಿಗೆ ಮಾತ್ರ ಗೊತ್ತಿರುವ ಒಂದೆರಡು ಕಾಟಗಳನ್ನೂ ಹೇಳಿಬಿಡುತ್ತೇನೆ. ಒಂದು ಸಾಗವಾನಿ ಎಲೆ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಮಳೆನೀರು ಹರಿದುಹೋಗಲು ಜಾಲರಿ ಇರುತ್ತದೆ, ಅದರಡಿ ಸಣ್ಣ ತೂತು. ಬೇಸಿಗೆಗೆ ಮುಂಚೆ ಉದುರಿದ ಎಲೆ ಪುಡಿಯಾಗಿ ಅಲ್ಲಿ ಕೂರುತ್ತದೆ. ಜೂನಿನಲ್ಲಿ ಮೊದಲ ಮಳೆ ಬಿದ್ದಾಗ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಕಾರಿನೊಳಗೆ, ಕಾಲಡಿಯ ಚಾಪೆಗೆ ಇಳಿಯುತ್ತದೆ. ಜನ ಬಾಗಿಲಿನ ರಬ್ಬರ್ ಸರಿಯಿಲ್ಲ ಎಂದು ಬೈಯುತ್ತಾರೆ. ಬಾನೆಟ್ ತೆಗೆಸಿ ಆ ಜಾಲರಿ ಕೈಗೆ ಸಿಗುವಂತಿದೆಯೇ, ಕಳಚದೆ ಎಲೆ ತೆಗೆಯಬಹುದೇ ನೋಡಿ. ಕೆಲವು ಕಾರಿನಲ್ಲಿ ಎರಡು ಬೆರಳು ಹೋಗುತ್ತವೆ, ಕೆಲವದರಲ್ಲಿ ವೈಪರನ್ನೇ ಬಿಚ್ಚಬೇಕು. ಇನ್ನೊಂದು ಕಾಟ ಇಲಿ. ಭತ್ತದ ಕಣಜದ ಪಕ್ಕ ನಿಲ್ಲಿಸಿದ ಕಾರಿನ ಎಂಜಿನ್ ಬೆಚ್ಚಗಿರುತ್ತದೆ, ವೈರು ಕಡಿಯಲು ಮೆತ್ತಗಿರುತ್ತದೆ. ಈಗಿನ ಕಾರಿನಲ್ಲಿ ಒಂದು ವೈರು ಹೋದರೆ ಮಿಸ್ತ್ರಿ ಟೇಪು ಸುತ್ತಿ ಓಡಿಸುವ ಕಾಲ ಮುಗಿಯಿತು. ಇಲಿ ಕಡಿದರೆ ವಿಮೆ ಕೊಡುತ್ತದೆಯೇ, ನೀರು ಹೊಕ್ಕು ಎಂಜಿನ್ ಕೆಟ್ಟರೆ ಕೊಡುತ್ತದೆಯೇ ಎಂದು ವಿಮೆಯ ಮೇಜಿನಲ್ಲಿ ಕೇಳಿ. ಎಂಜಿನ್ನಿಗೆ ಪ್ರತ್ಯೇಕ ರಕ್ಷಣೆ ಸೇರಿಸಿಕೊಳ್ಳಬೇಕಾಗುತ್ತದೆ. ಹಳ್ಳದಲ್ಲಿ ಕಾರು ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ ಎನ್ನುವುದು ಅದರ ಜೊತೆಗಿನ ಮಾತು. ನೀರು ಕುಡಿದ ಎಂಜಿನ್ನನ್ನು ತಿರುಗಿಸಿದರೆ ಒಳಗಿನ ರಾಡು ಬಾಗುತ್ತದೆ.

ಈಗ ದಾಂಡೇಲಿಗೆ ಬರೋಣ. ನಮ್ಮ ಹುಡುಗನಿಗೆ ಡೀಸೆಲ್ ಗಾಡಿಯ ಆಸೆ. ಅವನ ಕೆಲಸದ ಓಡಾಟ ಮನೆಯಿಂದ ಕಾರ್ಖಾನೆಗೆ, ಸಂಜೆ ಪೇಟೆಗೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಸೋಸುಕ ಇರುತ್ತದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ದೂರ, ಒಂದೇ ವೇಗದಲ್ಲಿ, ಬಿಸಿಯಾಗಿ ಓಡಬೇಕು. ದಿನವೂ ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಸೋಸುಕ ಕಟ್ಟುತ್ತದೆ, ದೀಪ ಹೊತ್ತುತ್ತದೆ, ಹುಬ್ಬಳ್ಳಿಗೆ ಹೋಗಬೇಕಾಗುತ್ತದೆ. ಇದನ್ನು ಮೇಳದಲ್ಲಿ ಯಾರೂ ತಾವಾಗಿ ಹೇಳಲಿಲ್ಲ, ನಾನೇ ಹೇಳಿದೆ. “ಕಾಕಾ, ನೀವು ಯಾವಾಗ್ಲೂ ಹಿಂಗ” ಎಂದ. ಊರೊಳಗೆ ಓಡಾಡುವವರಿಗೆ ಪೆಟ್ರೋಲೇ ಸರಿ. ಪ್ರವಾಸಿಗರನ್ನು ಹೊತ್ತು ದಿನಾ ಗೋವಾ, ಕಾರವಾರ, ಹುಬ್ಬಳ್ಳಿ ಎಂದು ಓಡುವ ಟ್ಯಾಕ್ಸಿಯವರಿಗೆ ಡೀಸೆಲ್ ಸರಿ.

ಟ್ಯಾಕ್ಸಿ ಎಂದ ಕೂಡಲೇ ಇನ್ನೊಂದು ಮಾತು. ದಾಂಡೇಲಿ, ಗಣೇಶಗುಡಿ ಕಡೆ ಹೋಮ್‌ಸ್ಟೇ ಇಟ್ಟವರು ಬಿಳಿ ಬೋರ್ಡಿನ ಕಾರಿನಲ್ಲೇ ಅತಿಥಿಗಳನ್ನು ಬಾಡಿಗೆಗೆ ಸುತ್ತಿಸುವುದುಂಟು. ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದು ಬೋರ್ಡಿನ ಬಣ್ಣ. ಬಾಡಿಗೆಗೆ ಓಡಿಸುವ ಇರಾದೆ ಇದ್ದರೆ ಮೇಳದಲ್ಲೇ ಹಳದಿ ಬೋರ್ಡಿನ ಲೆಕ್ಕ ಹಾಕಿಸಿ. ಹಾಗೆಯೇ ರಾಮನಗರ, ಅನಮೋಡದ ಗಡಿಯಲ್ಲಿ ಗೋವಾದ ಜಿಎ ನಂಬರಿನ ಮೋಹ. ಅಲ್ಲಿ ರಸ್ತೆ ತೆರಿಗೆ ಕಡಿಮೆ ಎನ್ನುವುದು ನಿಜ. ಆದರೆ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಗಾಡಿಯನ್ನು ಅಲ್ಲಿ ಮರುನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ದಾಂಡೇಲಿಯಲ್ಲೇ ಕೆಎ-65 ಕಚೇರಿ ಇರುವಾಗ ಪಣಜಿಯ ನಂಟರ ವಿಳಾಸ ಹುಡುಕುವುದು ಯಾತಕ್ಕೆ?

ಹಳಿಯಾಳದವರ ಪ್ರಶ್ನೆ ಒಂದೇ: “ಎಷ್ಟ ಕೊಡ್ತೈತಿ?” ಮೈಲೇಜು. ಮೇಳದ ಫಲಕದಲ್ಲಿ ಬರೆದ ಲೀಟರಿಗೆ 24, 25 ಎಂಬ ಅಂಕಿ ರಸ್ತೆಯದಲ್ಲ. ಪುಣೆಯ ಎಆರ್‌ಎಐ ಥರದ ಪ್ರಯೋಗಾಲಯದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿಯಾದ ವೇಗಗಳಲ್ಲಿ ಓಡಿಸಿ ತೆಗೆದ ಅಂಕಿ ಅದು. ಗಾಲಿ ತಿರುಗುತ್ತದೆ, ಕಾರು ಅಲ್ಲೇ ಇರುತ್ತದೆ. ಏರು ಇಲ್ಲ, ಇಳಿಜಾರಿಲ್ಲ, ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಇಲ್ಲ. ಎರಡು ಕಾರುಗಳನ್ನು ಪರಸ್ಪರ ಹೋಲಿಸಲು ಆ ಅಂಕಿ ಸಾಕು, ತಿಂಗಳ ಖರ್ಚಿನ ಲೆಕ್ಕಕ್ಕೆ ಸಾಲದು. ಕಬ್ಬು ಎಂದೆನಲ್ಲ, ಅದಕ್ಕೂ ಕಾರಿಗೂ ಈಗ ನೆಂಟಸ್ತಿಕೆ ಬೆಳೆದಿದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಅದು ಕಬ್ಬು, ಗೋವಿನಜೋಳ, ಅಕ್ಕಿಯಿಂದ ಬರುತ್ತದೆ. ಬೆಳೆದವರಿಗೆ ಒಳ್ಳೆಯದು. ಆದರೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ಎಂಜಿನ್ನಿನ ಕಾರುಗಳಲ್ಲಿ ಮೈಲೇಜು ನೂರಕ್ಕೆ 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಹಳೆ ಕಾರಿನ ಎಕ್ಸ್‌ಚೇಂಜ್ ಮೇಜಿನ ಪಕ್ಕದಲ್ಲೇ ಸೆಕೆಂಡ್ ಹ್ಯಾಂಡ್ ಗಾಡಿಗಳೂ ನಿಂತಿರುತ್ತವೆ. ಅವನ್ನು ನೋಡುವವರು 2023ರ ಏಪ್ರಿಲ್‌ಗಿಂತ ಮುಂಚಿನದೋ ನಂತರದ್ದೋ ಕೇಳಿಕೊಳ್ಳಿ. ನಂತರದವು ಈ ಮಿಶ್ರಣಕ್ಕೆ ಹೊಂದುವ ಬಿಡಿಭಾಗಗಳೊಂದಿಗೇ ಬಂದವು.

ಮುಂಡಗೋಡದ್ದು ಬೇರೆ ಲೋಕ. ದಾರಿ ಅಷ್ಟು ಕಷ್ಟದ್ದಲ್ಲ. ಹುಬ್ಬಳ್ಳಿ ಒಂದು ಗಂಟೆಯ ಹಾದಿ, ಇನ್ನೊಂದು ದಿಕ್ಕಿಗೆ ಶಿರಸಿ. 1966ರಿಂದ ಇರುವ ಟಿಬೆಟಿಯನ್ ಕ್ಯಾಂಪಿನವರೂ ಭತ್ತದ ರೈತರೂ ಆಸ್ಪತ್ರೆಗೆಂದು, ಸಂತೆಗೆಂದು ಒಂದೇ ದಾರಿಯಲ್ಲಿ ಹೋಗುವವರು. ಕೂರುವವರಲ್ಲಿ ವಯಸ್ಸಾದವರು ಹೆಚ್ಚು. ಅವರಿಗೆ ಎತ್ತರದ ಗಾಡಿ ಕಷ್ಟ, ತೀರಾ ತಗ್ಗಿನದೂ ಕಷ್ಟ. ಬಾಗದೆ, ಏರದೆ, ಸೊಂಟ ಹೊರಳಿಸಿ ಕೂರುವಂತಿರಬೇಕು. ಮಾಹಿತಿ ಪತ್ರದಲ್ಲಿ ಇದಕ್ಕೆ ಅಂಕಿಯಿಲ್ಲ, ಮನೆಯ ಅಜ್ಜಿಯನ್ನೇ ಮೇಳಕ್ಕೆ ಕರೆದೊಯ್ಯಬೇಕು. ವ್ಯಾಗನ್-ಆರ್ ಇಷ್ಟು ವರ್ಷ ಓಡಿದ್ದರ ಗುಟ್ಟು ಈ ಸೀಟಿನ ಎತ್ತರದಲ್ಲೇ ಇದೆ ಎಂದು ನನ್ನ ನಂಬಿಕೆ. ಅಂದಿನ ಮೇಳದಲ್ಲಿ ಒಬ್ಬ ಶಿಕ್ಷಕಿ ಚಾಲಕರ ಸೀಟಿನಲ್ಲಿ ಕೂತು, ಸೀಟು ಎತ್ತರಿಸುವ ಹಿಡಿಕೆ ಹುಡುಕಿ, ಸಿಗದೆ, “ಇದು ಗಂಡಸರ ಅಳತಿಗೆ ಹೊಲಿದ ಅಂಗಿರಿ” ಎಂದು ಇಳಿದರು. ಕಡಿಮೆ ಬೆಲೆಯ ಮಾದರಿಯಲ್ಲಿ ಕಂಪನಿಗಳು ಆ ಹಿಡಿಕೆಯನ್ನು ಉಳಿತಾಯ ಮಾಡುತ್ತವೆ, ಮೇಲೊಂದು ದೊಡ್ಡ ಪರದೆ ಕೂರಿಸುತ್ತವೆ. ಪರದೆಯ ವಿಷಯದಲ್ಲಿ ನಾನು ಹಳೆಯ ಕಾಲದವನು. ಮಳೆಯಲ್ಲಿ ಗಾಜು ಮಸುಕಾದಾಗ ಒದ್ದೆ ಬೆರಳಿಗೆ ತಿರುಗುವ ಗುಂಡಿ ಸಿಗಬೇಕು, ಪರದೆಯ ಮೂರನೇ ಪುಟವಲ್ಲ.

ಕರೆಂಟಿನ ಕಾರಿನ ಬಗ್ಗೆ ಕೇಳುವವರು ಬಹಳ. ನಾಲ್ಕು ತಾಲ್ಲೂಕಿನಲ್ಲಿ ಇದರ ಮಾತು ಬಂದಾಗ ಒಂದು ನಗು ಏಳುತ್ತದೆ. ಸೂಪಾದಲ್ಲಿ 100 ಮೆಗಾವ್ಯಾಟ್, ಅಂಬಿಕಾನಗರದ ನಾಗಝರಿಯಲ್ಲಿ ಸುಮಾರು 900, ಆಮೇಲೆ ಕೊಡಸಳ್ಳಿ, ಕದ್ರಾ; ಕಾಳಿಯ ಕರೆಂಟಿನಲ್ಲಿ ನಾಡೆಲ್ಲ ಬೆಳಗುತ್ತದೆ, ಮಳೆಗಾಲದಲ್ಲಿ ಮರ ಬಿದ್ದರೆ ಜೋಯಿಡಾದ ಹಳ್ಳಿಗೆ ದಿನಗಟ್ಟಲೆ ಇರುವುದಿಲ್ಲ. ಆದರೂ ಈ ಕಾರುಗಳನ್ನು ತಳ್ಳಿಹಾಕುವವನು ನಾನಲ್ಲ. ಜಿಎಸ್‌ಟಿ ನೂರಕ್ಕೆ 5 ಮಾತ್ರ. 24 ಯೂನಿಟ್ ಹಿಡಿಯುವ ಬ್ಯಾಟರಿಯ ಟಿಯಾಗೋ ಇವಿ ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಎಂಟೊಂಬತ್ತು ಗಂಟೆಗೆ ತುಂಬುತ್ತದೆ. ರಾತ್ರಿ ಹಾಕಿದರೆ ಬೆಳಿಗ್ಗೆಗೆ ಸಿದ್ಧ. ಘಟ್ಟ ಇಳಿಯುವಾಗ ಮೋಟಾರೇ ಬ್ರೇಕಿನ ಕೆಲಸ ಮಾಡಿ ಬ್ಯಾಟರಿಗೆ ಸ್ವಲ್ಪ ಕರೆಂಟ್ ಮರಳಿಸುತ್ತದೆ. ದಾಂಡೇಲಿ, ಹಳಿಯಾಳ, ಮುಂಡಗೋಡದ ಪೇಟೆಯವರಿಗೆ ಎರಡನೇ ಕಾರಾಗಿ ಇದು ನಡೆಯುತ್ತದೆ. ಒಂದೇ ಕಾರು ಇಟ್ಟುಕೊಳ್ಳುವ, ಕಾಡೊಳಗಿನ ಮನೆಯವರು ಇನ್ನಷ್ಟು ಕಾಯುವುದು ಲೇಸು.

ಘಟ್ಟದವರಿಗೆ ಗೇರಿನ ಒಂದು ಮಾತು. ಕ್ಲಚ್ ಪೆಡಲ್ ಇಲ್ಲದ ಎಎಂಟಿ ಕಾರುಗಳು ಪೇಟೆಯಲ್ಲಿ ಆರಾಮ. ಹಿಮ್ಮುರಿ ತಿರುವಿನ ಏರಿನಲ್ಲಿ ಮಾತ್ರ ಯಾವ ಗೇರು ಎಂದು ಒಂದು ಕ್ಷಣ ಯೋಚಿಸುತ್ತವೆ, ಆ ಕ್ಷಣದಲ್ಲಿ ಹಿಂದೆ ಲಾರಿ ಇರುತ್ತದೆ. ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇದೆಯೇ, ಗೇರನ್ನು ಕೈಯಾರೆ ಹಾಕುವ ಅನುಕೂಲ ಇದೆಯೇ ನೋಡಿ. ಅಣಶಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಟ್ಟು ಎಂಜಿನ್ನಿನಿಂದಲೇ ತಡೆಯಬೇಕಾಗುತ್ತದೆ.

ಕೊನೆಗೆ ದುಡ್ಡು. ಮೇಳದ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿರುವುದು ಎಕ್ಸ್ ಶೋರೂಂ ಬೆಲೆ. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ: 5 ಲಕ್ಷದವರೆಗೆ ನೂರಕ್ಕೆ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕೂ ಮೇಲೆ 18, ತೆರಿಗೆಯ ಮೇಲೆ ಸೆಸ್ ಬೇರೆ. ಅಂದರೆ 8 ಲಕ್ಷದ ಕಾರಿಗೆ ತೆರಿಗೆಯೇ 1 ಲಕ್ಷ 12 ಸಾವಿರ. ಮೂರನೇ ವ್ಯಕ್ತಿಯ ವಿಮೆಯನ್ನು ಹೊಸ ಕಾರಿಗೆ ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು, 2018ರ ಸೆಪ್ಟೆಂಬರಿನಿಂದ ಹಾಗೆ. ವಿಮೆಯನ್ನು ಮಾರಾಟಗಾರರಿಂದಲೇ ಕೊಳ್ಳಬೇಕೆಂದಿಲ್ಲ, ಹೊರಗೆ ವಿಚಾರಿಸಿ ತರಬಹುದು. ಬ್ಯಾಂಕಿನ ಮೇಜಿನಲ್ಲಿ “ತಿಂಗಳಿಗೆ ಬರೀ ಇಷ್ಟು” ಎನ್ನುತ್ತಾರೆ. 7 ಲಕ್ಷ ಸಾಲ, ಬಡ್ಡಿ ನೂರಕ್ಕೆ 9 ಎಂದು ಹಿಡಿಯಿರಿ. ಏಳು ವರ್ಷಕ್ಕೆ ಕಂತು ಸುಮಾರು 11,260 ರೂಪಾಯಿ, ಐದು ವರ್ಷಕ್ಕೆ 14,530. ಮೊದಲನೆಯದು ಹಗುರ ಕಾಣುತ್ತದೆ. ಆದರೆ ಕಟ್ಟಿ ಮುಗಿಸುವ ಹೊತ್ತಿಗೆ ಐದು ವರ್ಷದವನಿಗಿಂತ 74 ಸಾವಿರ ಹೆಚ್ಚು ಹೋಗಿರುತ್ತದೆ. ಅಡಿಕೆ, ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುವ ಮನೆಗಳವರು ಮುಂಗಡ ಮರುಪಾವತಿಗೆ ದಂಡ ಎಷ್ಟು ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ನಮ್ಮ ಹುಡುಗ ಕೊನೆಗೆ ಸನ್‌ರೂಫ್ ಬಿಟ್ಟ, ಪೆಟ್ರೋಲ್ ಗಾಡಿಯ ಕಡೆ ವಾಲಿದ್ದಾನೆ; ಇನ್ನೂ ಬುಕ್ ಮಾಡಿಲ್ಲ. ಗುಂದದ ಹಿರಿಯರು ಅಡಿಕೆ ಚೀಲಕ್ಕೆ ಹಳೆಯ ಬೊಲೆರೊ ಇರಲಿ, ಮನೆಯವರ ಓಡಾಟಕ್ಕೆ ಐದು ನಕ್ಷತ್ರದ, ಐದು ಗಾಲಿಯ ಯಾವುದಾದರೂ ನೋಡೋಣ ಅಂದಿದ್ದಾರೆ.

ಮುಂದಿನ ಮೇಳಕ್ಕೆ ಹೋಗುವ ಕೇಳುಗರಲ್ಲಿ ನನ್ನ ವಿನಂತಿ ಇಷ್ಟು. ಶಾಮಿಯಾನದ ಕೆಳಗೆ, ಬಲೂನಿನ ಗದ್ದಲದಲ್ಲಿ ಮುಂಗಡ ಕೊಡಬೇಡಿ. ತೆರಿಗೆ, ವಿಮೆ, ನೋಂದಣಿ, ಬಿಡಿಭಾಗ ಎಲ್ಲ ಸೇರಿಸಿ ಗಾಡಿ ಮನೆಬಾಗಿಲಿಗೆ ಬರುವ ಬೆಲೆಯನ್ನು ಕಾಗದದ ಮೇಲೆ ಬರೆಸಿ, ಸಹಿ-ಸಿಕ್ಕಾ ಹಾಕಿಸಿಕೊಳ್ಳಿ. ಬುಕಿಂಗ್ ರದ್ದು ಮಾಡಿದರೆ ಎಷ್ಟು ದಿನದಲ್ಲಿ ಹಣ ವಾಪಸು ಎಂಬುದೂ ಅದರಲ್ಲೇ ಇರಲಿ. ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ, ದಾರಿಯಲ್ಲಿ ಕೆಟ್ಟರೆ ಎಳೆದೊಯ್ಯುವ ಗಾಡಿ ನಿಮ್ಮ ಊರಿಗೆ ಬರುತ್ತದೆಯೇ ಕೇಳಿ. ಆಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ನಿಮ್ಮ ಮನೆಯ ದಾರಿಯಲ್ಲೇ, ಕತ್ತಲಾದ ಮೇಲೆ ಒಮ್ಮೆ ಓಡಿಸಿ ನೋಡಿ. ಅದಕ್ಕೆ ಒಪ್ಪದ ಮಾರಾಟಗಾರರ ಕಾರನ್ನು ಅಲ್ಲೇ ಬಿಟ್ಟು ಬನ್ನಿ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಾರಿನ ಅಂಗಡಿಗಳಿಗೆ ಬರವಿಲ್ಲ.